ಬಂಪರ್ ಕೆಂಚೇಶ

ಹೊನ್ನಾಳಿಯಲ್ಲಿ ಕೆಂಚೇಶ ಎಂದರೆ ಯಾವ ಕೆಂಚೇಶ ಎಂದು ಕೇಳುತ್ತಾರೆ. ಬಂಪರ್ ಕೆಂಚೇಶ ಎಂದರೆ ಚನ್ನಗಿರಿಯಿಂದ ಜಗಳೂರಿನವರೆಗೆ ಯಾರೂ ಕೇಳುವುದಿಲ್ಲ. ಅವನದು ಪ್ರಚಾರದ ಆಟೋ. ನೆತ್ತಿಯ ಮೇಲೆ ಎರಡು ಸ್ಪೀಕರು, ಪೆನ್‌ಡ್ರೈವಿನ ತುಂಬ ಅವನದೇ ದನಿ. ಸೀರೆ ಅಂಗಡಿಯಿರಲಿ, ಕಣ್ಣಿನ ತಪಾಸಣೆಯ ಶಿಬಿರವಿರಲಿ, ಅವನ ಬಾಯಿಗೆ ಬಿದ್ದ ಮೇಲೆ ದೊಡ್ಡದಾಗಿಯೇ ಹೊರಗೆ ಬರಬೇಕು. ನಾಲ್ಕೇ ನಾಲ್ಕು ಸೋಫಾ ಇದ್ದ ಅಂಗಡಿಯನ್ನು ‘ಜಂಬೋ ಫರ್ನಿಚರ್ ಮೇಳ’ ಎಂದು ಮೂರು ತಾಲೂಕು ಸುತ್ತಿಸಿದ ಪುಣ್ಯಾತ್ಮ ಅವನು.

ಶುರುವಿನಲ್ಲಿ ‘ಭಾರಿ’, ‘ಭರ್ಜರಿ’ ಎನ್ನುತ್ತಿದ್ದ. ಆ ಮಾತುಗಳು ಸವೆದವು. ಬಂಪರ್ ಬಂತು, ಅದೂ ಸವೆಯಿತು. ಮೆಗಾ, ಜಂಬೋ, ಮಾನ್‌ಸ್ಟರ್ ಎಲ್ಲ ಮುಗಿದ ಮೇಲೆ, ನ್ಯಾಮತಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುವ ತಂಗಿ ಮಮತಾಗೆ ಫೋನು ಹಚ್ಚತೊಡಗಿದ.

“ಇದಕ್ಕಿಂತ ದೊಡ್ಡದು ಯಾವುದಾರ ಐತೇನೆ ಮಮತಾ?”

“ಹ್ಯೂಮಂಗಸ್ ಅಂತ ಐತಣ್ಣ. ಪರೀಕ್ಷೆಯಾಗೆ ಬರೆಯಂಗಿಲ್ಲ, ಸುಮ್ನೆ ಮಾತಾಡಾಕೆ. ವ್ಹಾಪರ್ ಅಂತ ಇನ್ನೊಂದೈತೆ. ಭಾರಿ ದೊಡ್ಡ ಸಾಮಾನಿಗೂ ಅದನ್ನೇ ಅಂತಾರೆ, ಹಸಿ ಸುಳ್ಳಿಗೂ ಅದನ್ನೇ ಅಂತಾರೆ.”

“ಅಂದ್ರೆ ನನ್ನಂಥೋರು ಆ ದೇಶದಾಗೂ ಅದಾರೆ ಅನ್ನು” ಎಂದು ಕೆಂಚೇಶ ನಕ್ಕ. ಮರುದಿನವೇ ಚನ್ನಗಿರಿಯ ಪಾತ್ರೆ ಅಂಗಡಿಯೊಂದರಲ್ಲಿ ಹ್ಯೂಮಂಗಸ್ ರಿಯಾಯಿತಿ ಶುರುವಾಯಿತು. ಕೊಂಡವರಿಗೆ ಸಿಕ್ಕಿದ್ದು ಒಂದು ಸ್ಟೀಲ್ ಲೋಟ.

ಊರವರು ಅವನನ್ನು ಬುರುಡೆ ಬಿಡುವವನು ಎನ್ನುತ್ತಿದ್ದರು. ಅದನ್ನು ಕಸುಬಿನ ಲೆಕ್ಕಕ್ಕೆ ಬರೆದುಕೊಳ್ಳಬಹುದಿತ್ತು. ಅವನಿಗೆ ನೋಯುತ್ತಿದ್ದುದು ಅವ್ವನ ವಿಚಾರ. ಭೀಮಕ್ಕ ಭತ್ತದ ನಾಟಿಗೆ ಹೋಗಿ ಇಬ್ಬರು ಮಕ್ಕಳನ್ನು ಸಾಕಿದವಳು, ಮಾತನ್ನು ತೂಗಿ ಆಡುವವಳು. ಮಗ ಜ್ವರ ಎಂದರೆ ಹಣೆ ಮುಟ್ಟಿ ನೋಡುವಳು, ಊಟವಾಯಿತು ಎಂದರೆ ತಟ್ಟೆ ನೋಡುವಳು. “ನಿನ್ನ ಬಾಯಾಗೆ ಇರುವೆ ಹೊಕ್ರೆ ಆನೆಯಾಗಿ ಹೊರಗೆ ಬರ್ತೈತೆ ಕಣಪ್ಪ” ಎನ್ನುವಳು. ಹೆತ್ತವಳೇ ನಂಬದಿದ್ದರೆ ಮನುಷ್ಯ ಯಾರ ಹತ್ತಿರ ಹೋಗಬೇಕು?

ಹೋದ ವರ್ಷ ಆಷಾಢದಲ್ಲಿ ಒಂದು ಬೆಳಗ್ಗೆ ಅವನಿಗೆ ತಾಲೂಕು ಕಚೇರಿಯಿಂದ ಫೋನು ಬಂತು. ಮೇಲಿನ ಅಣೆಕಟ್ಟಿನ ಗೇಟು ತೆರೆದಿದ್ದಾರೆ, ಮಧ್ಯಾಹ್ನಕ್ಕೆ ತುಂಗಭದ್ರೆ ಏರುತ್ತಾಳೆ, ಹೊಳೆದಂಡೆ ಬೀದಿಯವರೆಲ್ಲ ಶಾಲೆಗೆ ಹೋಗಬೇಕೆಂದು ಸಾರು ಎಂದರು. ಅದು ಅವನದೇ ಬೀದಿ. ಗಡಿಬಿಡಿಯಲ್ಲಿ ಕೆಂಚೇಶ ಹಿಂದಿನ ದಿನದ ಸೀರೆ ಜಾಹೀರಾತಿನ ನಡುಭಾಗ ಅಳಿಸಿ, ಅಲ್ಲಿ ಹೊಸ ಮಾತು ತುಂಬಿ, ಆಟೋ ಬಿಟ್ಟ.

ಬೀದಿಗೆ ಕೇಳಿಸಿದ್ದು ಹೀಗೆ. ಮೊದಲು ಮಂಗಳವಾದ್ಯ. ಆಮೇಲೆ, “ಹೊನ್ನಾಳಿಯ ಇತಿಹಾಸದಲ್ಲೇ ಪ್ರಪ್ರಥಮ ಬಾರಿಗೆ, ಹ್ಯೂಮಂಗಸ್ ಪ್ರವಾಹ! ಎಲ್ಲರೂ ಶಾಲೆಗೆ ತೆರಳಿರಿ.” ಕೊನೆಗೆ, “ತಪ್ಪದೇ ಕುಟುಂಬ ಸಮೇತ ಬನ್ನಿ, ಸ್ಟಾಕ್ ಇರುವವರೆಗೆ ಮಾತ್ರ.”

ನೆರೆಮನೆಯ ಓಬವ್ವ ಕೈಚೀಲ ಹಿಡಿದೇ ಹೊರಗೆ ಬಂದಳು. “ಸೀರೆ ಶಾಲ್ಯಾಗೆ ಕೊಡ್ತಾರೇನಪ್ಪ?”

“ಸೀರೆ ಅಲ್ಲ ಓಬಕ್ಕ, ಹೊಳೆ ಬರ್ತೈತೆ.”

“ಹೊಳೆ ವರ್ಷಾ ಬರ್ತೈತೆ. ಅದಕ್ಕೆ ವಾಲಗ ಯಾಕೆ ಊದಿಸ್ತೀಯ?”

ಬಾಗಿಲಲ್ಲಿ ನಿಂತವರೆಲ್ಲ ನಕ್ಕರು. ಎದುರುಮನೆಯ ಮುತ್ತುರಾಜ ಕೈ ಚಾಚಿ ತೋರಿಸಿದ. “ನಿಮ್ಮವ್ವನೇ ಕಟ್ಟೆ ಮೇಲೆ ಕೂತು ಅಕ್ಕಿ ಆರಿಸ್ತಾ ಅದಾಳೆ. ಆಕೆ ಎದ್ರೆ ನಾವೂ ಏಳ್ತೀವಿ, ಹೋಗು.”

ಕೆಂಚೇಶ ಆಟೋ ನಿಲ್ಲಿಸಿ ಕಟ್ಟೆಯ ಹತ್ತಿರ ಹೋದ. ಬೀದಿಯಲ್ಲಿ ಮೂವತ್ತು ಮನೆ, ಅರ್ಧಕ್ಕರ್ಧ ಮಣ್ಣಿನ ಗೋಡೆ. ಆ ಮೂವತ್ತೂ ಮನೆ ಈಗ ಒಬ್ಬ ಮುದುಕಿ ಏಳುವುದರ ಮೇಲೆ ನಿಂತಿದ್ದವು, ಆ ಮುದುಕಿಯೋ ಇವನ ಮಾತು ನಂಬುವವಳಲ್ಲ.

“ಏಳವ್ವ, ದೊಡ್ಡ ಪ್ರವಾಹ ಬರ್ತೈತೆ.”

“ಎಷ್ಟು ದೊಡ್ಡದು? ನಿನ್ನ ಬಂಪರಿನಷ್ಟಾ?” ಎಂದಳು ಭೀಮಕ್ಕ, ಮೊರದಿಂದ ಕಣ್ಣೆತ್ತದೆ.

ಬಾಯಿಗೆ ಬಂದ ಮಾತುಗಳೆಲ್ಲ ಅಂಗಡಿಯವೇ. ಅವನು ಅವನ್ನು ನುಂಗಿ ಹೊಳೆಯ ಕಡೆಗೆ ಓಡಿದ, ನೋಡಿದ, ಅಷ್ಟೇ ಬೇಗ ಓಡಿ ಬಂದ. ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದ.

“ಬೆಳಗ್ಗೆ ನೀನು ಕೌದಿ ಒಗೆದ ಕಲ್ಲು ಮುಳುಗೈತೆ. ಮುತ್ತುರಾಜನ ಹಿತ್ತಲ ಕರಿಬೇವಿನ ಬುಡಕ್ಕೆ ನೀರು ಬಂದೈತೆ. ಇಷ್ಟೇ ನಾನು ನೋಡಿದ್ದು.”

ಭೀಮಕ್ಕ ಮಗನ ಮುಖ ನೋಡಿದಳು. ಕೈ ಚಾಚಿ ಅವನ ಪ್ಯಾಂಟಿನ ಅಂಚು ಹಿಂಡಿದಳು. ಕೆಸರು ನೀರು ಇಳಿಯಿತು. ಅವಳು ಮೊರ ಪಕ್ಕಕ್ಕಿಟ್ಟು ಎದ್ದಳು.

“ಅಕ್ಕಿ ಡಬ್ಬ ಎತ್ಕೋ” ಎಂದು ಹೋಗಿ ಆಟೋದಲ್ಲಿ ಕೂತಳು.

ಆಮೇಲೆ ಕೆಂಚೇಶ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿ ಮೈಕು ಹಿಡಿದ. ಪ್ರತಿ ಬಾಗಿಲಲ್ಲೂ ಒಂದೇ ಮಾತು. “ಒಗೆಯೋ ಕಲ್ಲು ಮುಳುಗೈತೆ. ನಮ್ಮವ್ವ ಹೊರಟಾಳೆ. ನೀವೂ ಹೊರಡ್ರಿ.” ಓಬವ್ವ ಅದೇ ಕೈಚೀಲಕ್ಕೆ ರೇಷನ್ ಕಾರ್ಡು ತುಂಬಿಕೊಂಡಳು. ಮುತ್ತುರಾಜ ಹಸು ಬಿಚ್ಚಿದ. ಮಧ್ಯಾಹ್ನ ಒಂದು ಗಂಟೆಗೆ ಬೀದಿಯಲ್ಲಿ ಮೊಣಕಾಲುದ್ದ ನೀರು, ಮೂರಕ್ಕೆ ಕಿಟಕಿಯ ಮಟ್ಟ. ಎರಡು ಮನೆಯ ಗೋಡೆ ಕುಸಿದವು. ಒಳಗೆ ಯಾರೂ ಇರಲಿಲ್ಲ.

ಮರುದಿನ ಬೆಳಗ್ಗೆ ಮಮತಾ ನ್ಯಾಮತಿಯಿಂದ ಗಾಬರಿಬಿದ್ದು ಶಾಲೆಗೆ ಬಂದಳು. ಎಲ್ಲರಿಗೂ ಚಹಾ ತರಲು ಹೋಗಿದ್ದ ಕೆಂಚೇಶ ವಾಪಸು ಬಂದಾಗ ಒಳಗಿನಿಂದ ಅವ್ವನ ದನಿ ಕೇಳಿಸಿತು.

“ತೆಂಗಿನ ಮರದೆತ್ತರ ನೀರು ಕಣವ್ವ. ನಿಮ್ಮಣ್ಣ ಓಬವ್ವನ್ನ ಒಂದು ಹೆಗಲ ಮೇಲೆ, ಆಕೆ ಎಮ್ಮೇನ ಇನ್ನೊಂದು ಹೆಗಲ ಮೇಲೆ ಹೊತ್ಕೊಂಡು ಈಜ್ಕೊಂಡು ಬಂದ.”

ಓಬವ್ವನಿಗೆ ಎಮ್ಮೆಯೇ ಇಲ್ಲ. ಕೆಂಚೇಶನಿಗೆ ಈಜು ಬರುವುದಿಲ್ಲ.

“ಕರಾನೂ ಹೊತ್ತಿದ್ದ, ಅದನ್ನ ಹೇಳೋದೇ ಬಿಟ್ಟೆ ನೀನು” ಎಂದಳು ಪಕ್ಕದಲ್ಲಿ ಕೂತ ಓಬವ್ವ.

“ನಿಜಾನೇನವ್ವ?” ಎಂದಳು ಮಮತಾ.

“ನಾನು ಯಾವತ್ತಾದ್ರೂ ಸುಳ್ಳು ಹೇಳಿದೀನೇನೆ?” ಎಂದಳು ಭೀಮಕ್ಕ.

ಕೆಂಚೇಶನ ಕಣ್ಣು ತುಂಬಿ ಬಂದವು. ಅಷ್ಟರಲ್ಲಿ ಬೇರೆ ಬೀದಿಯ ಹೆಂಗಸೊಬ್ಬಳು ಬಂದು ಏನಾಯಿತೆಂದು ಕೇಳಿದಳು, ಅವ್ವ ಮೊದಲಿನಿಂದ ಶುರು ಮಾಡಿದಳು. ಅವನು ಚಹಾ ಹಿಡಿದು ಬಾಗಿಲಾಚೆಯೇ ನಿಂತು ಕಡೆಯವರೆಗೂ ಕೇಳಿಸಿಕೊಂಡ.