ಮಾತಾಡಬಾರದ ಕೋಣೆ

ಪ್ರಾಣಿಸಂಗ್ರಹಾಲಯದ ತರಬೇತಿಗೆ ಸೇರಿದಾಗ ಅವಳಿಗೆ ನಲವತ್ತಮೂರು. ಅದಕ್ಕೆ ಮೊದಲು ಹದಿನೆಂಟು ವರ್ಷ ಒಂದು ಶಿಶುವಿಹಾರದಲ್ಲಿ ಆಯಾ ಆಗಿದ್ದಳು. ಅಳುವ ಮಗುವನ್ನು ಸೊಂಟಕ್ಕೇರಿಸಿಕೊಂಡು ಏನಾದರೊಂದು ಹರಟುತ್ತಾ ಹೋದರೆ ಸಾಕು, ಅದು ಅಳು ಮರೆತು ಅವಳ ಬಾಯನ್ನೇ ನೋಡುತ್ತಿತ್ತು. ಆ ಬಾಯಿಗೆ ಬಿಡುವೆಂಬುದೇ ಇಲ್ಲದ್ದರಿಂದ ಟೀಚರುಗಳು ರೇಡಿಯೋ ಎಂದು ಅಡ್ಡಹೆಸರಿಟ್ಟಿದ್ದರು. ಅವಳೋ ಅದನ್ನು ಬಿರುದಿನಂತೆ ಹೊತ್ತು ತಿರುಗುತ್ತಿದ್ದಳು. ಶಿಶುವಿಹಾರ ಮುಚ್ಚಿದ ಮೇಲೆ, ಅಷ್ಟು ಮಕ್ಕಳನ್ನು ಸಂಭಾಳಿಸಿದವಳಿಗೆ ಪ್ರಾಣಿ ಯಾವ ಮಹಾ ಎಂದು ತಂಗಿ ಅರ್ಜಿ ತುಂಬಿಸಿದಳು. ಮನೆಯಲ್ಲಿದ್ದವರು ಅಕ್ಕ ತಂಗಿ ಇಬ್ಬರೇ. ತಂಗಿ ಹೊಲಿಗೆಯವಳು, ಹಟ ಹಿಡಿದರೆ ಬಿಡುವ ಪೈಕಿ ಅಲ್ಲ.

ಆರು ತಿಂಗಳ ತರಬೇತಿ. ಮೊದಲ ಎರಡು ತಿಂಗಳು ಬರೀ ಪೊರಕೆ, ಬಕೆಟ್ಟು, ಬೀಗ. ಕಲಿಸುತ್ತಿದ್ದವನು, ಎಲ್ಲರೂ ಮೀಸೆ ಮಾವ ಎಂದೇ ಕರೆಯುತ್ತಿದ್ದ ಹಿರಿಯ ಪಾಲಕ. ಒಂದು ಬಾಗಿಲು ಹಾಕಿ, ಎಳೆದು ನೋಡಿ, ಆಮೇಲಷ್ಟೇ ಇನ್ನೊಂದನ್ನು ತೆಗೆಯಬೇಕು. ಲದ್ದಿಯನ್ನು ಗುಡಿಸುವ ಮೊದಲು ಕಣ್ಣಿಟ್ಟು ನೋಡಬೇಕು, ಕಾಯಿಲೆ ಮೊದಲು ಗೊತ್ತಾಗುವುದೇ ಅಲ್ಲಿ. ಇದನ್ನೆಲ್ಲ ಅವಳು ಚುರುಕಾಗಿ ಕಲಿತಳು. ಬಾಯಿಯೊಂದು ಬಿಟ್ಟರೆ ಇವಳಲ್ಲಿ ಎತ್ತಿ ಆಡುವಂಥದ್ದೇನೂ ಇಲ್ಲ ಎಂದು ಮೀಸೆ ಮಾವ ಛೇಡಿಸುತ್ತಿದ್ದ.

ಮೂರನೆಯ ತಿಂಗಳು ಅವಳನ್ನು ಹಿಂಬದಿಯ ಕಟ್ಟಡಕ್ಕೆ ಹಾಕಿದರು. ತಾಯಿ ಸತ್ತು ನದಿಯ ದಡದಲ್ಲಿ ಒಂಟಿಯಾಗಿ ಸಿಕ್ಕಿದ ನೀರುನಾಯಿ ಮರಿಯೊಂದು ಅಲ್ಲಿತ್ತು. ಬೆಳೆಸಿ, ಮೀನು ಹಿಡಿಯುವುದನ್ನು ರೂಢಿ ಮಾಡಿಸಿ, ಮತ್ತೆ ನದಿಗೇ ಬಿಡಬೇಕಾದ ಮರಿ. ಹಾಗಾಗಿ ಆ ಕೋಣೆಯ ಕಟ್ಟುಪಾಡೇ ಬೇರೆ. ತಲೆಯಿಂದ ಮಂಡಿಯವರೆಗೆ ಕಂದು ಬಟ್ಟೆ ಹೊದ್ದು ಒಳಗೆ ಹೋಗಬೇಕು, ಹಲಗೆಯ ಕಿಂಡಿಯಿಂದ ಉದ್ದನೆಯ ಚಿಮಟದಲ್ಲಿ ಮೀನು ಇಡಬೇಕು. ಮುಖ ತೋರಿಸಬಾರದು, ಹೆಸರಿಡಬಾರದು, ಮಾತಂತೂ ಆಡಲೇಬಾರದು.

“ಮನುಷ್ಯರನ್ನ ಕಂಡ್ರೆ ಅದು ಓಡ್ಬೇಕು. ಓಡದೆ ಹತ್ರ ಹೋಯ್ತು ಅಂದ್ರೆ ದೊಣ್ಣೆ ಹಿಡಿಯೋರೋ ನಾಯಿ ಛೂ ಬಿಡೋರೋ ಸಿಗ್ತಾರೆ, ಅಲ್ಲಿಗೆ ಮುಗೀತು ಅದರ ಕಥೆ” ಎಂದ ಮೀಸೆ ಮಾವ, ಅವಳ ಬಾಯಿಯ ಕಡೆಗೇ ನೋಡುತ್ತಾ.

ಒಂದು ವಾರ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಎರಡನೆಯ ವಾರ ಮರಿ ತಿನ್ನುವುದನ್ನು ನಿಲ್ಲಿಸಿತು. ಎರಡು ದಿನ ಮೀನು ಹಾಗೆಯೇ ವಾಪಸು ಬಂತು. ಇನ್ನೊಂದು ದಿನ ನೋಡೋಣ, ಆಗಲಿಲ್ಲವೆಂದರೆ ಕೊಳವೆ ಹಾಕಿ ತಿನ್ನಿಸೋಣ ಎಂದರು ಪ್ರಾಣಿಗಳನ್ನು ನೋಡಿಕೊಳ್ಳುವ ಡಾಕ್ಟರಮ್ಮ. ಆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಮೂಲೆಯ ಒದ್ದೆ ಗೋಣಿಯ ಅಡಿಯಿಂದ ಸಣ್ಣದಾಗಿ ಸಿಳ್ಳೆಯಂಥ ದನಿ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಹದಿನೆಂಟು ವರ್ಷ ಒಂದು ಮಗುವನ್ನೂ ಅಳಲು ಬಿಟ್ಟವಳಲ್ಲ. ತಲೆಯ ಮೇಲಿನ ಬಟ್ಟೆ ಸರಿಸಿ, ಯಾಕೋ ಮರಿ, ಯಾರ ಮೇಲೆ ಕೋಪ ಎಂದು ಕೇಳಿಯೇಬಿಟ್ಟಳು. ಸಿಳ್ಳೆ ನಿಂತಿತು. ಹಲಗೆ ತೆಗೆದು, ಮೀನಿನ ತುಂಡನ್ನು ಅಂಗೈಯಲ್ಲಿಟ್ಟು ಚಾಚಿದಳು. ಮರಿ ಬಂದು ತಿಂದಿತು.

ಅಂದೇ ಹೇಳಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತು. ಖಾಲಿ ತಟ್ಟೆ ನೋಡಿ ಡಾಕ್ಟರಮ್ಮ, ನಿಮ್ಮ ಕೈಗುಣ ಚೆನ್ನಾಗಿದೆ ಎಂದರು. ಅವಳು ತಲೆ ತಗ್ಗಿಸಿದಳು. ಎಷ್ಟು ಸಂಕೋಚದ ಹೆಂಗಸು ಎಂದುಕೊಂಡರು ಎಲ್ಲರೂ. ಮರುದಿನವೂ ಊಟದ ಹೊತ್ತಿಗೆ ಅದೇ ಆಯಿತು, ಆಮೇಲೆ ದಿನವೂ. ಮೊದಮೊದಲು ಮರಿಯ ಹೊಟ್ಟೆಗಾಗಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸುಳ್ಳು ಯಾಕೆ ಹೇಳಬೇಕು, ಮರಿ ಮೀನು ಹಿಡಿಯುವಷ್ಟು ಬೆಳೆದ ಮೇಲೂ ಅವಳು ಬಿಡಲಿಲ್ಲ. ತನ್ನ ದನಿ ಕೇಳಿ ಒಂದು ಜೀವ ಓಡಿ ಬರುತ್ತದಲ್ಲ, ಆ ರುಚಿ ಹತ್ತಿಬಿಟ್ಟಿತ್ತು.

ಆರನೆಯ ತಿಂಗಳು ಮರಿಯನ್ನು ಬೇಲಿ ಹಾಕಿದ ಕೊಳಕ್ಕೆ ಬಿಟ್ಟು ಪರೀಕ್ಷೆ ಮಾಡಿದರು. ಡಾಕ್ಟರಮ್ಮ, ಮೀಸೆ ಮಾವ, ಅರಣ್ಯ ಇಲಾಖೆಯ ಇಬ್ಬರು ಗಂಡಸರು ದಡದಲ್ಲಿ ನಿಂತು ಗಟ್ಟಿಯಾಗಿ ಮಾತಾಡಿದರು, ಬೇಲಿ ಬಡಿದರು. ಮರಿ ಮುಳುಗಿ ಬೇರುಗಳ ಸಂದಿಯಲ್ಲಿ ಅಡಗಿತು. ಎಲ್ಲರ ಮುಖ ಅರಳಿತು, ಗುರುವಾರ ನದಿಗೆ ಬಿಡುವುದೆಂದು ನಿಶ್ಚಯವಾಯಿತು. ಅವರ ಹಿಂದೆ ಕಂದು ಬಟ್ಟೆಯೊಳಗೆ ಅವಳು ಮಾತ್ರ ಕಲ್ಲಿನಂತೆ ನಿಂತಿದ್ದಳು. ಗದರುವ ದನಿಗೆ ಅದು ಹೆದರುತ್ತದೆ ನಿಜ. ನದಿಯ ದಡದಲ್ಲಿ ಬಟ್ಟೆ ಒಗೆಯುವ ಯಾವಳೋ ತಾಯಿ ತನ್ನ ಕೂಸನ್ನು ಮುದ್ದಾಗಿ ಕರೆದರೆ?

ಗುರುವಾರಕ್ಕೆ ಇನ್ನೆರಡೇ ದಿನವಿತ್ತು. ತರಬೇತಿಯ ಸರ್ಟಿಫಿಕೇಟ್ ಕೊಡುವ ದಿನಕ್ಕೆಂದು ತಂಗಿ ಹೊಸ ಯೂನಿಫಾರ್ಮ್ ಹೊಲಿಯುತ್ತಿದ್ದಳು, ತೋಳಿನ ಅಳತೆಗೆ ಕೈ ಚಾಚು ಎಂದರೆ ಚಾಚಲೂ ನಾಚಿಕೆ. ಹೇಳಿದರೆ ಮರಿಗೆ ಬದುಕಿಡೀ ಪಂಜರ, ಹೇಳದಿದ್ದರೆ ಸಾವು. ಎರಡೂ ತನ್ನ ಕೈಯ ಕೆಲಸವೇ.

ಗುರುವಾರ ಬೆಳಿಗ್ಗೆ ಕೊಳದ ಬಳಿ ಮರದ ಪೆಟ್ಟಿಗೆ ಬಂದು ಕೂತಿತು. ಇದನ್ನು ಬಿಡಬೇಡಿ ಎಂದಳು. ಯಾಕೆ ಎಂದು ಡಾಕ್ಟರಮ್ಮ ಕೇಳಿದರು. ಬಟ್ಟೆ ತೆಗೆದು ನೆಲಕ್ಕೆ ಹಾಕಿ, ಕೊಳದ ಕಡೆ ತಿರುಗಿ, ಮೆಲ್ಲಗೆ ಕರೆದಳು. ಮರಿ ಸಿಳ್ಳೆ ಹಾಕುತ್ತಾ ನೀರಿನಿಂದ ಎದ್ದು ಬಂತು. ಅವಳ ಬೂಟಿನ ಮೇಲೆ ಹತ್ತಿ ನಿಂತು, ಪ್ಯಾಂಟು ಎಳೆದು, ಅಂಗೈ ಎಲ್ಲಿ ಎಂದು ಹುಡುಕಿತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಡಾಕ್ಟರಮ್ಮ ಮೇವಿನ ಅಡುಗೆಮನೆಯ ಹೆಂಗಸನ್ನು ಕರೆಸಿ ಆಚೆ ದಡದಿಂದ ಹಾಗೆಯೇ ಕರೆಯಲು ಹೇಳಿದರು. ಮರಿ ಅವಳ ಬಳಿಗೂ ಹೋಯಿತು. ಯಾವಾಗಿನಿಂದ ಎಂದು ಕೇಳಿದರು, ಎರಡನೆಯ ವಾರದಿಂದ ಎಂದಳು. ಮೀಸೆ ಮಾವ ಅವಳ ಮುಖ ನೋಡದೆ ಖಾಲಿ ಪೆಟ್ಟಿಗೆಯ ಚಿಲಕ ಹಾಕಿ, ಒಬ್ಬನೇ ಹೊತ್ತುಕೊಂಡು ಹೋದ. ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು ಅವಳಿಗೆ. ಸಂಜೆ ರಾಜೀನಾಮೆಯ ಕಾಗದ ಬರೆದುಕೊಂಡು ಹೋದಳು.

ಡಾಕ್ಟರಮ್ಮ ಅದನ್ನು ಓದಲೂ ಇಲ್ಲ. “ನೀವು ಹೋಗೋ ಹಾಗಿಲ್ಲ. ಅದಕ್ಕೀಗ ನಿಮ್ಮನ್ನ ಬಿಟ್ರೆ ಯಾರಿದ್ದಾರೆ? ಇನ್ನೂ ಹದಿನೈದು ವರ್ಷ ಬದುಕುತ್ತೆ, ನೋಡ್ಕೊಳ್ಳಿ” ಎಂದರು.

ಹೀಗೆ ಅವಳಿಗೆ ಕೆಲಸ ಸಿಕ್ಕಿತು. ಈಗ ಏಳು ವರ್ಷ. ಗಾಜಿನ ಗೋಡೆಯ ಕೊಳದ ಮುಂದೆ ದಿನವೂ ಮೂರು ಗಂಟೆಗೆ ಜನ ಸೇರುತ್ತಾರೆ. ಅವಳು ಕರೆಯುತ್ತಾಳೆ, ಅದು ಬರುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ, ಅವಳು ತಲೆ ತಗ್ಗಿಸಿ ಬಕೆಟ್ಟಿನೊಳಗೆ ಕೈ ಹಾಕುತ್ತಾಳೆ. ಏನಾದರೊಂದು ನೆಪ ಹೇಳಿ ತಂಗಿಯನ್ನು ಅಷ್ಟು ವರ್ಷವೂ ದೂರವೇ ಇಟ್ಟಿದ್ದಳು. ಮೊನ್ನೆ ಅವಳು ಹೇಳದೆ ಕೇಳದೆ ಟಿಕೆಟ್ ತೆಗೆದುಕೊಂಡು ಬಂದು ಮುಂದಿನ ಸಾಲಿನಲ್ಲೇ ನಿಂತಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ನಮ್ಮಕ್ಕ ಎಂದು ಪಕ್ಕದವರಿಗೆಲ್ಲ ತೋರಿಸಿದಳು. ಜನ ಕರಗಿದ ಮೇಲೆ, ಇದನ್ನು ಹೇಗೆ ಪಳಗಿಸಿದೆ ಎಂದು ಕೇಳಿದಳು. ಅಕ್ಕ ಮೊದಲ ಬಾರಿಗೆ ಎಲ್ಲವನ್ನೂ ಹೇಳಿದಳು.

ತಂಗಿ ಕೊಳದ ಕಡೆ ತಿರುಗಿದಳು. ಗಾಜಿನ ಆಚೆ ಅದು ಅವಳ ಅಕ್ಕನನ್ನೇ ನೋಡುತ್ತಾ ಅತ್ತಿಂದಿತ್ತ ಈಜುತ್ತಿತ್ತು.

“ಆದ್ರೂ ನಿನ್ನ ಕಂಡ್ರೆ ಎಷ್ಟು ಖುಷಿ ಪಡುತ್ತೆ ನೋಡೇ” ಎಂದಳು.

“ಅದೇ ಕಣೇ” ಎಂದಳು ಅಕ್ಕ. “ನಾನೇನು ಮಾಡ್ದೆ ಅಂತ ಅದಕ್ಕೆ ಇನ್ನೂ ಗೊತ್ತಿಲ್ಲ.”