ಹೆಡ್‌ಮಾಸ್ತರರು ತುಳಿದ ಮಗ್ಗ

ಹೋದ ವಾರ ಪೋಸ್ಟಿನಲ್ಲಿ ಒಂದು ಬಟ್ಟೆಯ ಗಂಟು ಬಂತು. ಬಿಚ್ಚಿದರೆ ಹಸಿರು ಇಳಕಲ್ ಸೀರೆ. ಮಡಿಕೆ ಬಿಡಿಸಿ ಮುಖದ ಹತ್ತಿರ ಹಿಡಿದದ್ದೇ ತಡ, ಒಂದರ ಹಿಂದೆ ಒಂದು ಮೂರು ಸೀನು ಬಂದವು. ಅಡುಗೆಮನೆಯಿಂದ ಸೊಸೆ, ‘ನೆಗಡಿ ಆಗೇತೇನ್ರಿ ಅತ್ತಿ?’ ಅಂದಳು. ನೆಗಡಿಯಲ್ಲ, ನಶ್ಯ. ಸೀರೆಯ ಮಡಿಕೆ ಮಡಿಕೆಗೂ ಯಾರೋ ನಶ್ಯದ ಪುಡಿ ಉದುರಿಸಿದ್ದರು. ನುಸಿ ಹತ್ತದಿರಲಿ ಅಂತ ಮಂದಿ ಗುಳಿಗೆ ಇಡುತ್ತಾರೆ, ಬೇವಿನ ಎಲೆ ಇಡುತ್ತಾರೆ. ನಶ್ಯ ಇಡುವ ಮನುಷ್ಯ ನನಗೆ ಗೊತ್ತಿದ್ದಂತೆ ಒಬ್ಬರೇ... ನಮ್ಮ ಹೆಡ್‌ಮಾಸ್ತರರು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಇಳಕಲ್ಲಿನಲ್ಲಿ ಹತ್ತನೆಯ ತರಗತಿಯಲ್ಲಿದ್ದೆ. ಅದಕ್ಕೆ ಎರಡು ವರ್ಷ ಮೊದಲು ಅವರು ಬದಾಮಿ ಕಡೆಯಿಂದ ವರ್ಗವಾಗಿ ನಮ್ಮ ಹೈಸ್ಕೂಲಿಗೆ ಬಂದಿದ್ದರು. ಬಿಳಿ ಧೋತರ, ಕರಿ ಕೋಟು, ಕೋಟಿನ ಎಡ ಕಿಸೆಯಲ್ಲಿ ನಶ್ಯದ ಡಬ್ಬಿ, ಬಲ ಕಿಸೆಯಲ್ಲಿ ಆ ನಶ್ಯವನ್ನು ಒರೆಸಿ ಒರೆಸಿ ಕಂದುಬಣ್ಣಕ್ಕೆ ತಿರುಗಿದ ಕರವಸ್ತ್ರ. ಗಣಿತ ಕಲಿಸುತ್ತಿದ್ದರು. ಚೆನ್ನಾಗಿ ಕಲಿಸುತ್ತಿದ್ದರು ಅನ್ನುವುದನ್ನು ಒಪ್ಪಲು ನನಗೆ ಬಹಳ ವರ್ಷ ಬೇಕಾದವು, ಏಕೆಂದರೆ ಆಗ ಅವರು ನನ್ನ ವೈರಿಯಾಗಿದ್ದರು.

ನನ್ನೊಬ್ಬಳಿಗೇ ಅಲ್ಲ. ಶಾಲೆ ಬಿಟ್ಟ ಮೇಲೆ ಎಲ್ಲೋ ಒಂದು ಕಡೆ ಕೆಲಸ ಮಾಡುತ್ತಿದ್ದ ಅರ್ಧ ಶಾಲೆಗೆ ಅವರು ವೈರಿ. ‘ಓದೋದು ಅಂದ್ರ ಓದೋದು. ದುಡಿಯೋದಕ್ಕ ಮುಂದ ಇಡೀ ಜನ್ಮ ಬಿದ್ದೈತಿ’ ಎಂದು ಪ್ರಾರ್ಥನೆಯಲ್ಲಿ ದಿನವೂ ಹೇಳುತ್ತಿದ್ದರು. ಬೇರೆ ಯಾವ ಊರಿನಲ್ಲಿ ಈ ಮಾತು ನಡೆಯುತ್ತಿತ್ತೋ ಗೊತ್ತಿಲ್ಲ. ಇಳಕಲ್ಲಿನಲ್ಲಿ ಮನೆಗೊಂದು ಮಗ್ಗ. ನಮ್ಮ ಓಣಿಯ ಹುಡುಗರು ಅಕ್ಷರ ಕಲಿಯುವ ಮೊದಲೇ ರಾಟೆಗೆ ಕೈ ಹಚ್ಚಿದವರು. ಆದರೆ ಹೆಡ್‌ಮಾಸ್ತರರು ಹಿಡಿದ ಪಟ್ಟು ಬಿಡುವವರಲ್ಲ. ಕಾನೂನು ಮಾಡಿದರು: ಕೆಲಸ ಮಾಡುತ್ತಾ ಮೊದಲನೇ ಸಲ ಸಿಕ್ಕರೆ ಎಚ್ಚರಿಕೆ, ಎರಡನೇ ಸಲ ಸಿಕ್ಕರೆ ತಂದೆಯನ್ನು ಕರೆಸುವುದು, ಮೂರನೇ ಸಲ ಸಿಕ್ಕರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಫಾರ್ಮಿಗೆ ಅವರ ಸಹಿ ಇಲ್ಲ.

ಸಂಜೆ ಐದಕ್ಕೆ ಸೈಕಲ್ ಹತ್ತಿ ಊರು ಸುತ್ತಲು ಹೊರಡುತ್ತಿದ್ದರು. ಆದರೆ ಪಾಪ, ನಶ್ಯ ಅವರಿಗೆ ಕೈಕೊಡುತ್ತಿತ್ತು. ಓಣಿಯ ತಿರುವಿಗೆ ಬರುತ್ತಲೇ ಒಂದು ಸೀನು. ಅದು ಸಾಧಾರಣ ಸೀನಲ್ಲ, ಕಟ್ಟೆಯ ಮೇಲೆ ಮಲಗಿದ ನಾಯಿ ಎದ್ದು ಹೋಗುವಂಥದ್ದು. ಅದನ್ನು ಕೇಳಿದ್ದೇ ತಡ, ಟಾಕೀಜಿನ ಎದುರು ಸೋಡಾ ಮಾರುತ್ತಿದ್ದ ನಮ್ಮ ವರ್ಗದ ಹುಡುಗ ಪ್ರೇಕ್ಷಕನಾಗಿಬಿಡುತ್ತಿದ್ದ. ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಿದ್ದ ಇನ್ನೊಬ್ಬ ಕೈ ಒರೆಸಿಕೊಂಡು ಬೆಂಚಿನ ಮೇಲೆ ಕೂತು ಗಿರಾಕಿಯಂತೆ ಚಹಾ ಕುಡಿಯತೊಡಗುತ್ತಿದ್ದ. ಒಂದು ಸಂಜೆ ನಾಲ್ಕು ಸೀನಿಗೆ ನಾಲ್ಕು ಚಹಾ ಕುಡಿದನಂತೆ. ಮಾರನೆಯ ದಿನ ಹೋಟೆಲಿನ ಮಾಲೀಕನೇ ಹೆಡ್‌ಮಾಸ್ತರರನ್ನು ಕಂಡು, ‘ಸರ, ನಿಮ್ಮ ಕಾಲಿಗೆ ಬೀಳ್ತೇನಿ, ನಶ್ಯ ಸ್ವಲ್ಪ ಕಡಿಮಿ ಮಾಡ್ರಿ’ ಅಂದನಂತೆ.

ಸಂಜೆಯ ಬೇಟೆ ಹೀಗೆ ಕೆಟ್ಟ ಮೇಲೆ ಅವರು ಬೆಳಗಿನ ದಾರಿ ಹಿಡಿದರು. ಮಗ್ಗದ ಎಳೆ ಹೊಸೆದು ಕೂಡಿಸುವವರು ಬೆರಳು ಜಾರದಿರಲಿ ಅಂತ ಬೂದಿ ಹಚ್ಚಿಕೊಳ್ಳುತ್ತಾರೆ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಅದು ಉಳಿಯುತ್ತದೆ. ಇದು ಅವರಿಗೆ ಹೇಗೋ ತಿಳಿಯಿತು. ಪ್ರಾರ್ಥನೆ ಮುಗಿದ ಮೇಲೆ ‘ಕೈ ಮುಂದ’ ಅನ್ನುತ್ತಿದ್ದರು, ಎಲ್ಲರೂ ಕೈ ಚಾಚಬೇಕು. ಬೂದಿ ಕಂಡರೆ, ‘ಏನಿದು?’

‘ವಿಭೂತಿರಿ ಸರ.’

ವಿಭೂತಿ ಹಚ್ಚಿಕೊಳ್ಳುವುದು ಬೇಡ ಅನ್ನುವ ಧೈರ್ಯ ನಮ್ಮ ಕಡೆ ಯಾವ ಹೆಡ್‌ಮಾಸ್ತರರಿಗಿದೆ? ಹದಿನೈದು ದಿನಗಳಲ್ಲಿ ಇಡೀ ಶಾಲೆ ಹಣೆಗೆ ಮೂರು ಬೆರಳು ಎಳೆದುಕೊಂಡು ಬರತೊಡಗಿತು. ನನ್ನ ಪಕ್ಕದ ಬೆಂಚಿನ ಮುಸಲ್ಮಾನರ ಹುಡುಗಿಯೊಬ್ಬಳು ಅವಸರದಲ್ಲಿ ‘ವಿಭೂತಿರಿ ಸರ’ ಅಂದುಬಿಟ್ಟಳು. ಹೆಡ್‌ಮಾಸ್ತರರು ಅವಳನ್ನೇ ನೋಡಿದರು, ಆಕಾಶ ನೋಡಿದರು, ಡಬ್ಬಿ ತೆಗೆದು ನಶ್ಯ ಏರಿಸಿ ಒಳಗೆ ಹೋದರು.

ಇನ್ನು ನನ್ನ ಸಂಗತಿ. ಅಪ್ಪ ಬಜಾರದಲ್ಲಿ ಮೂಟೆ ಹೊರುತ್ತಿದ್ದ. ನಾನು ಹತ್ತನೆಯ ತರಗತಿಗೆ ಬಂದಾಗ, ‘ಓದ್ತೀನಿ ಅಂದ್ರ ಓದು, ಬ್ಯಾಡ ಅನ್ನೂದಿಲ್ಲ. ಪುಸ್ತಕ, ಫೀ ನನ್ನಿಂದ ಆಗೂದಿಲ್ಲವ್ವಾ’ ಅಂದ. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದದ್ದನ್ನೇ ಹೇಳಿದ. ಅಂದಮೇಲೆ ಎದುರುಮನೆಯ ಕಾಕುವಿನ ಮಗ್ಗವೇ ನನಗೆ ಗತಿ. ಗಂಡ ತೀರಿದ ಮೇಲೆ ತಾನೇ ಮಗ್ಗಕ್ಕೆ ಕೂತ ಹೆಂಗಸು ಆಕೆ. ಕೈಯೂ ಜೋರು, ಬಾಯಿಯೂ ಜೋರು, ಸೊಂಟದಲ್ಲಿ ಆಕೆಗೂ ಒಂದು ನಶ್ಯದ ಡಬ್ಬಿ. ನಾನು ಆಕೆಗೆ ಕೊಂಡಿ ಹಾಕಿಕೊಡುತ್ತಿದ್ದೆ. ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ಎಳೆಗಳಿಗೆ ಹಾಸು ಅನ್ನುತ್ತಾರೆ. ಇಳಕಲ್ ಸೀರೆಯಲ್ಲಿ ಸೆರಗಿನ ಕೆಂಪು ಹಾಸು ಬೇರೆ, ಮೈಯ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಮಾಡಿ ಒಂದರೊಳಗೊಂದು ಸೇರಿಸಬೇಕು. ಸಾವಿರಾರು ಎಳೆ. ಸಣ್ಣ ಬೆರಳು ಬೇಕು, ಸಮಾಧಾನ ಬೇಕು. ಬೆರಳು ನನ್ನದಿತ್ತು, ಸಮಾಧಾನವನ್ನು ಕಾಕು ಬೈದು ಬೈದು ಕಲಿಸಿದಳು.

ಆಗಲೇ ಎರಡು ಸಲ ಸಿಕ್ಕಿಬಿದ್ದಿದ್ದೆ. ಎರಡನೇ ಸಲ ಅಪ್ಪನನ್ನು ಕರೆಸಿದರು. ಅಪ್ಪ ಹೆಡ್‌ಮಾಸ್ತರರ ಮುಂದೆ ತಲೆಯ ಮೇಲಿನ ಗೋಣಿತಟ್ಟು ತೆಗೆದು ಕೈಯಲ್ಲಿ ಹಿಡಿದು ನಿಂತದ್ದು ನನಗೆ ಇವತ್ತಿಗೂ ಸಂಕಟ. ಹೊರಗೆ ಬಂದು, ‘ಫಾರ್ಮಿಗೆ ಸಹಿ ಆಗಲಿಲ್ಲಂದ್ರ ಮುಂದಿನ ವರ್ಷ ಸಾಲಿ ಸುದ್ದಿ ತೆಗೀಬ್ಯಾಡ’ ಅಂದ. ಕೆಲಸ ಬಿಟ್ಟರೆ ಫೀ ಇಲ್ಲ, ಬಿಡದಿದ್ದರೆ ಸಹಿ ಇಲ್ಲ. ನನ್ನ ಓದು ಈ ಎರಡರ ನಡುವೆ ಸಿಕ್ಕಿಕೊಂಡಿತ್ತು. ನಾನು ಸೀನಿನ ಮೇಲೆ ಭಾರ ಹಾಕಿ ಕೆಲಸ ಮುಂದುವರಿಸಿದೆ.

ಫಾರ್ಮು ತುಂಬುವ ವಾರ. ಮಟಮಟ ಬಿಸಿಲಿನ ರವಿವಾರ. ಕಾಕು ನೀರು ಕುಡಿಯಲು ಎದ್ದು ಹೋಗಿದ್ದಳು. ನಾನು ಮಗ್ಗದ ಆಚೆ ಕೂತು ಹಸಿರು ಹಾಸಿನ ಎಳೆಗಳಿಗೆ ಕೊಂಡಿ ಹಾಕುತ್ತಿದ್ದೆ. ಸೀನು ಕೇಳಲಿಲ್ಲ. ಹೆಡ್‌ಮಾಸ್ತರರು ಶಿವಯೋಗ ಮಂದಿರಕ್ಕೆ ಹೋಗಿಬಂದು ನಶ್ಯ ಬಿಟ್ಟು ಒಂಬತ್ತು ದಿನವಾಗಿತ್ತು ಅನ್ನುವುದು ನನಗೇನು ಗೊತ್ತು? ಬಾಗಿಲಲ್ಲಿ ಕರಿ ಕೋಟು ಕಂಡಿತು. ‘ಸಿಕ್ಕಿ! ಮೂರನೇ ಸಲ!’ ಎಂದು ಗೆದ್ದವರ ಧ್ವನಿಯಲ್ಲಿ ಕೂಗಿ ಒಳಗೆ ನುಗ್ಗಿದರು.

ನಮ್ಮ ಮಗ್ಗಗಳು ಕುಣಿಮಗ್ಗ. ನೇಯುವವರು ಕಾಲು ಇಳಿಬಿಟ್ಟು ಕೂಡಲು ನೆಲದಲ್ಲಿ ಸೊಂಟಮಟ್ಟದ ಕುಣಿ ಇರುತ್ತದೆ. ಊರಿನ ಕೂಸಿಗೂ ಗೊತ್ತಿರುವ ಸಂಗತಿ, ಬದಾಮಿಯ ಗಣಿತ ಮಾಸ್ತರರಿಗೆ ಗೊತ್ತಿರಲಿಲ್ಲ. ಬಿಸಿಲಿನಿಂದ ಕತ್ತಲೆಯ ಕೋಣೆಗೆ ಬಂದವರಿಗೆ ಏನೂ ಕಾಣಲೂ ಇಲ್ಲ. ಎರಡು ಹೆಜ್ಜೆ ಇಟ್ಟರು, ಮೂರನೆಯದಕ್ಕೆ ಕುಣಿಯೊಳಗಿದ್ದರು. ಬೀಳುವಾಗ ಕೈಗೆ ಸಿಕ್ಕದ್ದನ್ನು ಹಿಡಿದರು. ಸಿಕ್ಕದ್ದು ಬಿಗಿದು ಕಟ್ಟಿದ ಹಾಸು. ಒಂದು ಗೇಣಿನಗಲ ಎಳೆಗಳು ಪಟಪಟಪಟ ಹರಿದವು.

ಕಾಕು ತಂಬಿಗೆ ಹಿಡಿದೇ ಓಡಿಬಂದಳು. ‘ಯಾವನೋ ಅಂವಾ, ಕಣ್ಣು ಮನ್ಯಾಗ ಇಟ್ಟ ಬಂದಾನೇನು?’ ಎಂದು ಬೈಯುತ್ತಾ ಬಂದವಳು ಕುಣಿಯಲ್ಲಿ ನಿಂತ ಕೋಟು ನೋಡಿ ತಟ್ಟನೆ ಸೆರಗು ತಲೆಗೆಳೆದುಕೊಂಡಳು. ಹರಿದ ಹಾಸನ್ನು ನೋಡಿದಳು. ಆಮೇಲೆ ಆಕೆ ಹೇಳಿದ್ದು ಒಂದೇ ಮಾತು.

‘ಸರ, ಇದು ನಿಮ್ಮ ಮಗಳ ಕುಬಸದ ಸೀರಿರಿ.’

ಖರೆ ಇತ್ತು. ಚೊಚ್ಚಲ ಬಸುರಿ ಮಗಳ ಕುಬಸ, ಅಂದರೆ ಸೀಮಂತ, ಬರುವ ಗುರುವಾರ. ಹಸಿರು ಸೀರೆ ಬೇಕೆಂದು ಹೆಡ್‌ಮಾಸ್ತರರ ಹೆಂಡತಿ ತಿಂಗಳ ಹಿಂದೆಯೇ ಹೇಳಿಹೋಗಿದ್ದರು. ನೇಯುವವಳು ಯಾರು, ಕೊಂಡಿ ಹಾಕುವವಳು ಯಾರು ಅಂತ ಇವರು ಕೇಳಿರಲಿಲ್ಲ.

‘ಬ್ಯಾರೆ ಯಾರರ ಕೂಡಸ್ತಾರೇನು?’ ಎಂದರು ಕುಣಿಯೊಳಗಿಂದಲೇ. ಧ್ವನಿ ಸಣ್ಣದಾಗಿತ್ತು.

‘ಈ ಹುಡುಗಿ ಕುಂತ್ರ ಗುರುವಾರಕ್ಕ ಸೀರಿ. ಈಕಿ ಎದ್ದ ಹೋದ್ರ ಇಲ್ರಿ’ ಅಂದಳು ಕಾಕು.

ಹೆಡ್‌ಮಾಸ್ತರರು ನನ್ನನ್ನು ನೋಡಿದರು, ಎಳೆಗಳನ್ನು ನೋಡಿದರು. ಕೈ ತಾನಾಗಿ ಎಡ ಕಿಸೆಗೆ ಹೋಯಿತು, ಖಾಲಿ. ಕಾಕು ತನ್ನ ಡಬ್ಬಿ ಮುಂದೆ ಹಿಡಿದಳು. ಒಂಬತ್ತು ದಿನದ ವ್ರತ ಅಲ್ಲಿಗೆ ಮುಗಿಯಿತು. ಒಂದು ಚಿಟಿಕೆ ಏರಿಸಿ, ಮುಖ ಅತ್ತ ತಿರುಗಿಸಿ, ಮಗ್ಗವೇ ನಡುಗುವಂತೆ ಸೀನಿದರು. ಆಮೇಲೆ ಕೋಟು ಕಳಚಿ ಗೂಟಕ್ಕೆ ತೂಗುಹಾಕಿ, ‘ನಂಗೂ ತೋರಸು, ಹೆಂಗ ಕೂಡಸೂದು’ ಅಂದರು.

ಮೂರು ಸಂಜೆ ಅವರು ನನ್ನ ಪಕ್ಕ ಕೂತು ಬೂದಿ ಮುಟ್ಟಿ ಎಳೆ ಹೊಸೆದರು. ಅವರದು ಶುದ್ಧ ದಂಡ ಕೆಲಸ. ನಾನು ಹತ್ತು ಕೂಡಿಸುವಷ್ಟರಲ್ಲಿ ಅವರದು ಒಂದು, ಅದೂ ಕಡಲೆಕಾಳಿನಂಥ ಗಂಟು. ಕಾಕು ಹಿಂದೆ ನಿಂತು, ‘ಸರ, ಸೀರಿರಿ ಅದು, ಹಗ್ಗ ಅಲ್ಲ’ ಅನ್ನುತ್ತಿದ್ದಳು. ವರ್ಗದಲ್ಲಿ ನಾನು ಕೇಳಿದ ಬೈಗುಳಗಳೆಲ್ಲ ಬಡ್ಡಿಸಹಿತ ವಾಪಸು ಬರುತ್ತಿದ್ದವು. ನನಗೆ ಒಳಗೊಳಗೇ ಖುಷಿ.

ಅಂಥ ಒಂದು ಸಂಜೆ ತಲೆ ಎತ್ತದೆ ಅವರಾಗಿಯೇ ಹೇಳಿದರು. ಬದಾಮಿಯಲ್ಲಿ ಹುಡುಗರಾಗಿದ್ದಾಗ ಬೆಳಗಿನ ಜಾವ ಎದ್ದು ಒಂದು ಖಾನಾವಳಿಗೆ ನೀರು ಹೊತ್ತು ಹಾಕಿ ಶಾಲೆಗೆ ಹೋಗುತ್ತಿದ್ದರಂತೆ. ಮ್ಯಾಟ್ರಿಕ್ಕಿನ ಗಣಿತದ ಪರೀಕ್ಷೆಯಲ್ಲಿ, ಬರುತ್ತಿದ್ದ ಲೆಕ್ಕದ ಮೇಲೆಯೇ ತಲೆಯಿಟ್ಟು ನಿದ್ದೆ ಹೋದರಂತೆ. ‘ಗಂಟಿ ಹೊಡದಾಗ ಎಚ್ಚರಾತು. ಪೇಪರ ಮ್ಯಾಲ ಜೊಲ್ಲು ಬಿಟ್ರ ಏನೂ ಇರಲಿಲ್ಲ. ಯಾರೂ ಎಬ್ಬಿಸಲಿಲ್ಲವ್ವಾ...’ ಅಂದರು. ನನಗೆ ನಗು ಬಂತು, ಅವರ ಮುಖ ನೋಡಿ ನುಂಗಿಕೊಂಡೆ.

ಆ ವಾರದ ಒಂದು ಬೆಳಿಗ್ಗೆ ಪ್ರಾರ್ಥನೆಯಲ್ಲಿ ‘ಕೈ ಮುಂದ’ ಅಂದಾಗ ಅವರ ಕೈಯೂ ಮುಂದೆ ಬಂತು. ಸೋಡಾ ಮಾರುವ ಹುಡುಗ ಮೊದಲ ಸಾಲಿನಲ್ಲಿದ್ದ. ಬಹಳ ವಿನಯದಿಂದ, ‘ಸರ, ನಿಮ್ಮ ಉಗುರಿನ್ಯಾಗ ಏನ್ರಿ ಅದು?’ ಅಂದ. ಹೆಡ್‌ಮಾಸ್ತರರು ಬೆರಳು ನೋಡಿಕೊಂಡು, ‘ವಿಭೂತಿ’ ಅಂದರು. ಅವತ್ತಿನಿಂದ ಕೈ ನೋಡುವುದು ನಿಂತುಹೋಯಿತು.

ಸೀರೆ ಗುರುವಾರಕ್ಕೆ ಮುಗಿಯಿತು. ಶುಕ್ರವಾರ ನನ್ನ ಫಾರ್ಮಿಗೆ ಸಹಿ ಬಿತ್ತು. ಸಹಿ ಮಾಡಿದ ಪೆನ್ನನ್ನು ನನ್ನತ್ತ ತೋರಿಸಿ, ‘ಪರೀಕ್ಷಾ ತಿಂಗಳು ಮಗ್ಗ ಮುಟ್ಟಂಗಿಲ್ಲ. ಮಾತು ಕೊಡು’ ಅಂದರು. ಕೊಟ್ಟೆ.

ಕೊಟ್ಟ ಮಾತು ಮುರಿದೆ. ಪರೀಕ್ಷೆಯ ಹೊತ್ತಿಗೇ ಲಗ್ನದ ಸೀಜನ್ನು. ಕಾಕು ಕೈ ಕಾಲು ನೋವೆಂದು ಮಲಗಿದಳು, ನೇಯಬೇಕಾದ ಸೀರೆ ಮಗ್ಗದ ಮೇಲೆಯೇ ಇತ್ತು. ನಸುಕಿನಲ್ಲಿ ಎದ್ದು ಹೋಗಿ ಕೊಂಡಿ ಹಾಕಿ, ಕೈಲಾದಷ್ಟು ನೇಯ್ದು ಪರೀಕ್ಷೆಗೆ ಹೋಗುತ್ತಿದ್ದೆ. ಗಣಿತದ ಪೇಪರು ಮಧ್ಯಾಹ್ನದ್ದು. ನಮ್ಮ ಶಾಲೆಯೇ ಕೇಂದ್ರ, ಮೇಲ್ವಿಚಾರಣೆಗೆ ಹುನಗುಂದದಿಂದ ಮಾಸ್ತರರು ಬಂದಿದ್ದರು. ನಮ್ಮ ಹೆಡ್‌ಮಾಸ್ತರರು ಒಳಗೆ ಬರುವಂತಿರಲಿಲ್ಲ. ಮೊದಲ ಎರಡು ಲೆಕ್ಕ ಸರಾಗವಾಗಿ ಬಂದವು. ಮೂರನೆಯದಕ್ಕೆ ಅಕ್ಷರಗಳು ಕರಗತೊಡಗಿದವು. ಬಿಸಿಗಾಳಿ, ಬೇವಿನ ಹೂವಿನ ವಾಸನೆ... ಹಣೆ ಡೆಸ್ಕಿಗೆ ತಾಗಿತು.

ಕಿಟಕಿಯ ಆಚೆ, ಕಂಪೌಂಡಿನ ಹೊರಗಿನ ಬೇವಿನ ಮರದಡಿಯಿಂದ ಒಂದು ಸೀನು ಬಂತು.

ಗಡಬಡಿಸಿ ಎದ್ದು ಕೂತೆ. ಸೋಡಾ ಮಾರುವ ಹುಡುಗನೂ, ಹೋಟೆಲಿನ ಹುಡುಗನೂ ಬೆಚ್ಚಿಬಿದ್ದು ತಮ್ಮ ಕೈಯಲ್ಲಿ ಏನಿದೆ ಅಂತ ನೋಡಿಕೊಂಡರು. ಇದ್ದದ್ದು ಪೆನ್ನು. ಬರೆಯತೊಡಗಿದರು. ಕಾಲು ಗಂಟೆಗೆ ಇನ್ನೊಂದು ಸೀನು. ಮತ್ತೆ ಕಾಲು ಗಂಟೆಗೆ ಮತ್ತೊಂದು. ಹುನಗುಂದದ ಮಾಸ್ತರರು ಕಿಟಕಿಯಿಂದ ಇಣುಕಿ, ‘ಯಾರಿಗೋ ಭಾಳ ನೆಗಡಿ ಆಗೇತಿ’ ಅಂದರು. ಮೂರು ತಾಸು ನಮ್ಮ ಹೆಡ್‌ಮಾಸ್ತರರು ಆ ಬಿಸಿಲ ಝಳದಲ್ಲಿ ನಿಂತಿದ್ದರು. ಒಂದು ಡಬ್ಬಿ ನಶ್ಯವಾದರೂ ಮುಗಿದಿರಬೇಕು.

ಪೇಪರು ಕೊಟ್ಟು ಹೊರಗೆ ಬಂದಾಗ ಗೇಟಿನ ಹತ್ತಿರವೇ ಇದ್ದರು. ಮೂಗು ಕೆಂಪಗೆ, ಕಣ್ಣು ಕೆಂಪಗೆ. ‘ಹೆಂಗಾತು?’ ಎಂದು ಕೇಳಲಿಲ್ಲ. ಪೆನ್ನು ಹಿಡಿದ ನನ್ನ ಬೆರಳುಗಳನ್ನು ನೋಡಿ, ‘ವಿಭೂತಿ ಚಲೋ ಹಚ್ಚೀದಿ’ ಅಂದರು. ಸೈಕಲ್ ಹತ್ತಿ ಹೊರಟೇಬಿಟ್ಟರು.

ಪಾಸಾದೆ. ಮುಂದೆ ಬಾಗಲಕೋಟೆಯಲ್ಲಿ ನಾನೂ ಗಣಿತದ ಮಾಸ್ತರಣಿಯಾದೆ, ರಿಟೈರೂ ಆದೆ. ಓದುವ ಹುಡುಗರು ದುಡಿಯಬೇಕೋ ಬೇಡವೋ ಎಂದು ಸಭೆಗಳಲ್ಲಿ ಎಷ್ಟೋ ಸಲ ನನ್ನನ್ನು ಕೇಳಿದ್ದಾರೆ. ದುಡಿಯದಿದ್ದರೆ ನಾನು ಆ ಡೆಸ್ಕಿಗೆ ಬರುತ್ತಲೇ ಇರಲಿಲ್ಲ, ದುಡಿದದ್ದಕ್ಕೇ ಆ ಡೆಸ್ಕಿನ ಮೇಲೆ ನಿದ್ದೆ ಹೋದೆ. ಯಾವ ಕಡೆ ಮಾತಾಡಲಿ? ವರ್ಗದಲ್ಲಿ ತೂಕಡಿಸುವ ಹುಡುಗ ಕಂಡರೆ ಮಾತ್ರ ನಾನು ಯಾವತ್ತೂ ಬೈಯಲಿಲ್ಲ. ಮೆಲ್ಲಗೆ ಹತ್ತಿರ ಹೋಗಿ ಕೆಮ್ಮುತ್ತಿದ್ದೆ. ಅವರಷ್ಟು ಜೋರಾಗಿ ಸೀನಲು ನನಗೆ ಬರುತ್ತಿರಲಿಲ್ಲ.

ಸೀರೆಯ ಜೊತೆ ಅವರ ಮಗಳ ಚೀಟಿ ಇತ್ತು. ಅಪ್ಪಾ ಹೋದ ತಿಂಗಳು ತೀರಿಕೊಂಡರು, ಟ್ರಂಕಿನಲ್ಲಿ ತಾವೇ ಜೋಪಾನವಾಗಿಟ್ಟಿದ್ದ ನನ್ನ ಕುಬಸದ ಈ ಸೀರೆ ನಿಮಗೆ ಕಳಿಸಬೇಕೆಂದು ಹೇಳಿದ್ದರು, ಇಷ್ಟೇ. ರಿಟೈರಾದ ಮೇಲೆ ಅವರು ಹೋಗಿ ನೆಲೆಸಿದ್ದ ಬದಾಮಿ ಇಲ್ಲಿಂದ ದೂರವೇನಲ್ಲ. ಒಂದು ಬಸ್ಸು ಹತ್ತಿದ್ದರೆ ಆಗುತ್ತಿತ್ತು. ಇವತ್ತು, ನಾಳೆ ಅಂತ ನಾನೇ ಹೋಗಲಿಲ್ಲ. ಆ ದಿನ ನಾನು ಮಾತು ಮುರಿದಿದ್ದೆ ಸರ, ತಪ್ಪಾಯಿತು ಅಂತಲೂ ಹೇಳಲಿಲ್ಲ, ನೀವು ನಿಂತಿದ್ದಕ್ಕೆ ಪಾಸಾದೆ ಅಂತಲೂ ಹೇಳಲಿಲ್ಲ.

ಸೆರಗು ಸೇರುವ ಜಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನನ್ನ ಕೊಂಡಿಗಳು ಎಲ್ಲಿವೆಯೋ ನನಗೇ ಸಿಗಲಿಲ್ಲ. ಅಲ್ಲೇ ಕೆಳಗೆ, ಹಸಿರಿನಲ್ಲಿ ಒಂದು ಗೇಣಿನುದ್ದಕ್ಕೂ ನಡುನಡುವೆ ಕಡಲೆಕಾಳಿನಂಥ ಗಂಟುಗಳು. ಬೆರಳಾಡಿಸಿ ಒಂದೊಂದೇ ಮುಟ್ಟಿದೆ. ಮತ್ತೆ ಸೀನು ಬಂತು, ಕಣ್ಣಲ್ಲಿ ನೀರೂ ಬಂತು. ಸೊಸೆ ಓಡಿಬಂದು, ‘ಅತ್ತಿ, ಏನಾತ್ರಿ?’ ಅಂದಳು.

‘ಏನಿಲ್ಲವ್ವಾ,’ ಅಂದೆ. ‘ನಮ್ಮ ಸರ ಎಬ್ಬಿಸಿದ್ರು.’