ಭಾಗ್ಯಳ ಚೀಲದಲ್ಲಿದ್ದ ರವಿಕೆ

ಹಾಸನದ ನಮ್ಮ ಬೀದಿಯಲ್ಲಿ ಈಗ ಎಲ್ಲರ ಮನೆಯಲ್ಲೂ ವಾಷಿಂಗ್ ಮೆಷಿನ್ ಇದೆ. ಪಕ್ಕದ ಮನೆಯ ಅಜ್ಜಿ ಒಬ್ಬರು ಮಾತ್ರ ಇನ್ನೂ ಹಟ ಹಿಡಿದು ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಾರೆ. ಬಾರ್ ಸೋಪಿನ ವಾಸನೆ ಬೆಳಗಿನ ಬಿಸಿಲಿನ ಜೊತೆ ಕಾಂಪೌಂಡು ದಾಟಿ ಬಂತೆಂದರೆ ನಾನು ಎದ್ದು ಕಿಟಕಿ ಮುಚ್ಚುತ್ತೇನೆ. ಶುಭ್ರವಾದ ವಾಸನೆಗೆ ಮೂಗು ಮುಚ್ಚುವವಳು ಊರಿಗೆಲ್ಲ ನೀನೊಬ್ಬಳೇ ಎಂದು ಮನೆಯವರು ರೇಗಿಸುತ್ತಾರೆ. ಕಾರಣ ಅವರಿಗೆ ಹೇಳಿಲ್ಲ. ಹೇಳುವಷ್ಟು ಧೈರ್ಯ ನನಗೆ ಯಾವತ್ತೂ ಇರಲಿಲ್ಲ.

ಕೊಣನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅಂಗನವಾಡಿ ನಡೆಯುತ್ತಿತ್ತು. ಅದಕ್ಕೆ ಸ್ವಂತ ಕಟ್ಟಡ ಇರಲಿಲ್ಲವೆಂದು ತಾತ ಜಾಗ ಬಿಟ್ಟುಕೊಟ್ಟಿದ್ದರು. ಟೀಚರ್ ನಮ್ಮ ಸೋದರತ್ತೆ, ಜಯತ್ತೆ. ಒಂದು ಮೂಲೆಯಲ್ಲಿ ರಾಗಿ ಮೂಟೆ, ಇನ್ನೊಂದು ಮೂಲೆಯಲ್ಲಿ ಚಾಪೆ, ನಡುವೆ ಇಪ್ಪತ್ತು ಮಕ್ಕಳ ಗಲಾಟೆ, ಒಳಗಿನಿಂದ ಬೆಲ್ಲ ಹಾಕಿದ ಹೆಸರುಕಾಳಿನ ಘಮ. ಗೋಡೆಗೆ ಮಕ್ಕಳ ಕೈಗೆ ಎಟುಕುವಷ್ಟು ಎತ್ತರದಲ್ಲಿ ಅತ್ತೆ ಸಾಲಾಗಿ ಮರದ ಗೂಟಗಳನ್ನು ಹೊಡೆಸಿದ್ದರು. ಮಗುವಿಗೊಂದು ಗೂಟ, ಗೂಟಕ್ಕೊಂದು ಚೀಲ. ಆ ಚೀಲವನ್ನು ಮಗುವನ್ನು ಕೇಳದೆ ಯಾರೂ ಮುಟ್ಟುವಂತಿರಲಿಲ್ಲ, ಸ್ವತಃ ಅತ್ತೆಯೂ. ಅವರು ಮೂಗು ಒರೆಸುವ ಮುಂಚೆಯೂ ಮಗುವಿನ ಎದುರು ಕುಕ್ಕರುಗಾಲಲ್ಲಿ ಕೂತು, "ಒರೆಸ್ಲಾ?" ಎಂದು ಕೇಳುವವರು.

"ಸಿಂಬ್ಳ ಸುರ್ಸೋ ಐಕ್ಳ ತಾವೂ ಅಪ್ಪಣೆ ಕೇಳ್ಬೇಕೇನವ್ವ ನೀನು?" ಎಂದು ತಾತ ಜಗಲಿಯಿಂದಲೇ ನಗುತ್ತಿದ್ದರು.

"ಮೂಗು ಅವ್ರದ್ದು ಅಲ್ವೇನಪ್ಪ?" ಎನ್ನುತ್ತಿದ್ದರು ಅತ್ತೆ, ತಿರುಗಿಯೂ ನೋಡದೆ.

ನನಗಾಗ ಹತ್ತು ವರ್ಷ. ಬೇಸಿಗೆ ರಜೆ ಬಂತೆಂದರೆ ನನ್ನನ್ನು ನಾನೇ ಚಿಕ್ಕ ಟೀಚರ್ ಅಂತ ನೇಮಿಸಿಕೊಂಡು ಒಂದು ಕೋಲು ಹಿಡಿದು ಓಡಾಡುತ್ತಿದ್ದೆ. ಅತ್ತೆ ಕೋಲು ಕಿತ್ತುಕೊಂಡರೂ ನನ್ನ ದರ್ಪ ಇಳಿದಿರಲಿಲ್ಲ. ಆ ವರ್ಷ ಭಾಗ್ಯ ಎನ್ನುವ ನಾಲ್ಕು ವರ್ಷದ ಹುಡುಗಿ ಹೊಸದಾಗಿ ಸೇರಿದ್ದಳು. ತಾಯಿ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಅಜ್ಜಿ ತಂದು ಬಿಡುತ್ತಿದ್ದಳು. ಆ ಹುಡುಗಿ ಆಡುತ್ತ ಆಡುತ್ತ ಎದ್ದು ಹೋಗಿ ಗೂಟದಲ್ಲಿದ್ದ ತನ್ನ ಚೀಲದೊಳಗೆ ಮುಖ ತೂರಿಸಿ ಒಂದಿಷ್ಟು ಹೊತ್ತು ನಿಲ್ಲುತ್ತಿದ್ದಳು. ಆಮೇಲೆ ಏನೂ ಆಗದವಳಂತೆ ಬಂದು ಮತ್ತೆ ಆಟಕ್ಕೆ ಕೂರುತ್ತಿದ್ದಳು. ಅದರಲ್ಲೇನಿದೆ ಎಂದು ಕೇಳಿದರೆ ಅತ್ತೆಯ ಉತ್ತರ ಒಂದೇ: "ಅವ್ಳು ತೋರ್ಸುದ್ರೆ ನೋಡು. ತೋರಿಸ್ನಿಲ್ವಾ, ಸುಮ್ಕಿರು."

ನಾನು ಸುಮ್ಮನಿರಲಿಲ್ಲ. ಒಂದು ದಿನ ಅತ್ತೆ ಮೀಟಿಂಗಿಗೆಂದು ಅರಕಲಗೂಡಿಗೆ ಹೋಗಿದ್ದರು. ಊಟವಾಗಿ ಮಕ್ಕಳೆಲ್ಲ ಚಾಪೆಯ ಮೇಲೆ ಮಲಗಿದ್ದಾಗ ಭಾಗ್ಯಳ ಚೀಲ ಇಳಿಸಿ ಕೈ ಹಾಕಿದೆ. ಸಿಕ್ಕಿದ್ದು ದೊಡ್ಡವರ ಒಂದು ಹಳೆಯ ರವಿಕೆ. ಬೆವರು, ಹರಳೆಣ್ಣೆ, ಒಲೆಯ ಹೊಗೆ ಎಲ್ಲ ಸೇರಿದ ಮುಗ್ಗಲು ವಾಸನೆ. ಅಯ್ಯೋ, ಈ ಗಲೀಜಿಗಾ ಮುಖ ಇಡುತ್ತಿದ್ದದ್ದು ಎಂದು ಹಿತ್ತಲಿಗೆ ಒಯ್ದೆ. ಬಾರ್ ಸೋಪು ತಿಕ್ಕಿ, ಕಲ್ಲಿಗೆ ಬಡಿದು, ಮೂರು ಸಲ ಜಾಲಿಸಿ ತಂತಿಗೆ ಹರವಿದೆ. ಅತ್ತೆ ಬಂದು ಶಭಾಷ್ ಅನ್ನುತ್ತಾರೆ ಎಂದುಕೊಂಡು ಒಳಗೊಳಗೇ ಹಿಗ್ಗಿದೆ.

ಆ ಬಿಸಿಲಿಗೆ ರವಿಕೆ ಬೇಗ ಒಣಗಿತು. ಎದ್ದ ಭಾಗ್ಯ ಬರಿ ಚೀಲ ಹಿಡಿದು ನನ್ನ ಮುಂದೆ ನಿಂತಳು. "ನೋಡು, ಎಷ್ಟು ಚೆನ್ನಾಗಿ ತೊಳ್ದಿವ್ನಿ" ಎಂದು ಕೊಟ್ಟೆ. ಅವಳು ಮೂಸಿದಳು. ಒಳಮಗ್ಗುಲು ತಿರುಗಿಸಿ ಮೂಸಿದಳು, ಕಂಕುಳ ಹೊಲಿಗೆ ಮೂಸಿದಳು.

"ಇದಲ್ಲ" ಎಂದಳು. "ಇದು ನಮ್ಮವ್ವಂದಲ್ಲ."

ಅವಳು ಅಳಲಿಲ್ಲ. ರವಿಕೆಯನ್ನು ನೆಲದ ಮೇಲಿಟ್ಟು, ಬರಿ ಚೀಲದೊಳಗೆ ಮತ್ತೆ ಮತ್ತೆ ಇಣುಕಿದಳು. ನಾಲ್ಕು ಗಂಟೆಯ ಬಸ್ಸಿಗೆ ಬಂದ ಅತ್ತೆಗೆ ವಿಷಯ ತಿಳಿಯಿತು. ಬ್ಯಾಗನ್ನೂ ಕೆಳಗಿಡದೆ, ಬಸ್ಸಿನ ಧೂಳು ಮೆತ್ತಿದ ಸೀರೆಯಲ್ಲೇ ಅವರು ಭಾಗ್ಯಳ ಮುಂದೆ ನೆಲದ ಮೇಲೆ ಕೂತರು. "ತಪ್ಪಾಯ್ತು ಕಣವ್ವ. ನಿನ್ ಚೀಲ ಕಾಯೋದು ನನ್ ಕೆಲ್ಸ. ನಾನು ಕಾಯ್ನಿಲ್ಲ" ಎಂದರು. ಆಮೇಲೆ ನನ್ನ ಕಡೆ ನೋಡಿ, "ನೀನೂ ಹೇಳವ್ವ" ಎಂದರು.

"ತೊಳ್ದಿದ್ದು ತಪ್ಪಾ? ಇಷ್ಟುದ್ದ ಇರೋಳ ತಾವ ನಾನ್ಯಾಕೆ ಹೇಳ್ಲಿ?" ಎಂದು ಹಿತ್ತಲಿಗೆ ಓಡಿದೆ. ಅತ್ತೆ ಒತ್ತಾಯ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಮರುದಿನದಿಂದ ಭಾಗ್ಯ ಚೀಲವನ್ನು ಗೂಟಕ್ಕೆ ಹಾಕಲೇ ಇಲ್ಲ. ಅದರಲ್ಲಿ ಏನೂ ಇರಲಿಲ್ಲ. ಆದರೂ ಉಣ್ಣುವಾಗ, ಮಲಗುವಾಗ ಹೆಗಲಲ್ಲೇ ಇರುತ್ತಿತ್ತು.

ಆ ಮನೆ ಈಗಿಲ್ಲ. ತಾತ ಹೋದರು, ಅತ್ತೆಯೂ ಹೋದರು, ಪಡಸಾಲೆಯಿದ್ದ ಜಾಗದಲ್ಲಿ ಯಾರದೋ ಮೊಬೈಲ್ ಅಂಗಡಿ. ಗೋಡೆ ಕೆಡವುವ ದಿನ ನಾನು ಹೋಗಿದ್ದೆ. ಗೂಟಗಳು ನನ್ನ ಸೊಂಟಕ್ಕೂ ಬರುತ್ತಿರಲಿಲ್ಲ. ಇಲ್ಲಿ ಹಾಸನದ ಒಂದು ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ನಾನು ಟೀಚರ್. ಅವರ ಮೂಗು ಒರೆಸುವ ಮುಂಚೆ ಕೇಳುತ್ತೇನೆ, ಬ್ಯಾಗು ಮುಟ್ಟುವ ಮುಂಚೆ ಕೇಳುತ್ತೇನೆ. ಒಳ್ಳೆಯ ಟೀಚರ್ ಅಂತ ಹೆಸರೂ ಬಂದಿದೆ. ಕೇಳಬೇಕಾಗಿದ್ದವಳನ್ನು ಮಾತ್ರ ಕೇಳಿರಲಿಲ್ಲ.

ಕಳೆದ ತಿಂಗಳು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಭಾಗ್ಯ ಸಿಕ್ಕಳು. ಅವಳೇ ಗುರುತು ಹಿಡಿದಳು. ಕೊಣನೂರಿನ ಬಸ್ಸಿಗೆ ಕಾಯುತ್ತಿದ್ದಳು, ಪಕ್ಕದಲ್ಲಿ ಅವಳ ಮಗಳು. ಅತ್ತೆಯ ಮಾತು ಬಂತು.

"ಅವ್ವನ ಮಖವೂ ನೆಪ್ಪಿಲ್ಲ ಕಣಕ್ಕ" ಎಂದಳು. "ಅವ್ವಂದು ಒಂದು ರವಿಕೆ ಇತ್ತಂತೆ, ಯಾರೋ ತೊಳ್ದ್ಬುಟ್ರಂತೆ. ಅದೂ ನೆಪ್ಪಿಲ್ಲ. ಟೀಚರಮ್ಮ ನೆಲದ್ ಮ್ಯಾಲೆ ಕೂತ್ಕಂಡು ನಂಗೆ ತಪ್ಪಾಯ್ತು ಅಂದ್ರಲ್ಲ, ಅದೊಂದು ನೆಪ್ಪೈತೆ. ನಂಗ್ಯಾರೂ ಅಂಗಂದಿಲ್ಲ, ಇವತ್ತಿನವರ್ಗೂ."

ಯಾರೋ ಅಲ್ಲ, ನಾನೇ. ಹೇಳಿಬಿಡಬೇಕೆಂದು ಅವಳ ಹತ್ತಿರ ಸರಿದೆ. ಅಷ್ಟರಲ್ಲಿ ಬಸ್ಸು ಬಂತು, ಜನ ನುಗ್ಗಿದರು, ಅವಳೂ ಮಗಳನ್ನು ಎತ್ತಿಕೊಂಡು ಹತ್ತಿದಳು. ಕಿಟಕಿಯ ಹತ್ತಿರ ಓಡಿದೆ. ಅವಳು ಹೊರಗೆ ಬಗ್ಗಿ, ಏನಕ್ಕ ಎಂಬಂತೆ ನನ್ನ ಮುಖ ನೋಡಿದಳು.

"ಸೀಟು ಸಿಕ್ತಾ?" ಎಂದೆ.